ಎದುರು ಕೂರುವವರು

ನಸುಕಿನಲ್ಲಿ ಎದ್ದು ದೀಪ ಹಾಕಿದರೆ ಮೊದಲು ಕಣ್ಣಿಗೆ ಬೀಳುವುದು ಗೋಡೆಯ ಗೂಡಿನಲ್ಲಿಟ್ಟ ಬೇಸ್‌ಬಾಲ್ ಚೆಂಡು. ಷಿಕಾಗೋದಲ್ಲಿರುವ ಅಕ್ಕನ ಮಗಳು 2016ರಲ್ಲಿ ಊರಿಗೆ ಬಂದಾಗ ತಂದುಕೊಟ್ಟದ್ದು. ಬಿಳಿ ತೊಗಲಿನ ಮೇಲೆ ಕೆಂಪು ದಾರ. ಕೈಯಿಂದಲೇ ಹಾಕಿದ 108 ಜೋಡಿ ಹೊಲಿಗೆ. ಪಕ್ಕದ ಮನೆಯ ನೇಕಾರ ಅಣ್ಣನ ಕೈಗೆ ಕೊಟ್ಟರೆ ಅವನು ಅದನ್ನು ಎಸೆದು ನೋಡಲಿಲ್ಲ. ಹೆಬ್ಬೆರಳಲ್ಲಿ ಸವರುತ್ತಾ ಸುತ್ತಲೂ ಎಣಿಸಿದ. "ಎಳೆ ಎಲ್ಲೂ ಸಡ್ಲ ಇಲ್ಲ ನೋಡು" ಅಂದ.

ನಾವಿಬ್ಬರೂ ಫುಟ್‌ಬಾಲ್‌ನವರು. ವಿಶ್ವಕಪ್ ಬಂದರೆ ರಾತ್ರಿ ನಿದ್ದೆ ಬಿಡುತ್ತೇವೆ, ಒಂದು ಪ್ಲೇಟ್ ಮಂಡಕ್ಕಿ, ನಾಲ್ಕು ಮೆಣಸಿನಕಾಯಿಗೆ ಪಂಥ ಕಟ್ಟುತ್ತೇವೆ. ಬೇಸ್‌ಬಾಲ್ ಇಬ್ಬರಿಗೂ ಬಾರದ ವಿದ್ಯೆ. ಆದರೂ ಆ ವರ್ಷದ ನವೆಂಬರ್ 3ರ ಬೆಳಗ್ಗೆ ಷಿಕಾಗೋ ಕಬ್ಸ್‌ಗೂ ಕ್ಲೀವ್‌ಲ್ಯಾಂಡ್‌ಗೂ ಪ್ರಶಸ್ತಿಯ ಏಳನೆಯ, ಕೊನೆಯ ಪಂದ್ಯ ಎಂದು ಹುಡುಗಿ ಹೇಳಿದ್ದಳು. ಅಲ್ಲಿ ರಾತ್ರಿ, ನಮಗೆ ಐದೂವರೆ. ಕಬ್ಸ್ 1908ರಿಂದ ಆ ಪ್ರಶಸ್ತಿ ಗೆದ್ದಿರಲಿಲ್ಲ, ಕ್ಲೀವ್‌ಲ್ಯಾಂಡ್ 1948ರಿಂದ ಗೆದ್ದಿರಲಿಲ್ಲ.

"ನೂರಾ ಎಂಟು ವರ್ಷ, ನೂರಾ ಎಂಟು ಹೊಲಿಗೆ. ಜಪದ ಮಣೀನೂ ಅಷ್ಟೇ ಅಲ್ವಾ. ಈ ಸಲ ಅವ್ರದ್ದೇ" ಅಂದ ಅಣ್ಣ.

ನಾನು ಹಿಡಿದದ್ದು 1948ನ್ನು. ಆ ವರ್ಷ ಲಂಡನ್ ಒಲಿಂಪಿಕ್ಸ್‌ನಲ್ಲಿ ಹೆಚ್ಚಿನವರು ಬರಿಗಾಲಲ್ಲೇ ಇದ್ದ ನಮ್ಮ ತಂಡ ಫ್ರಾನ್ಸ್ ಎದುರು ಆಡಿತು. ಬೆಂಗಳೂರಿನ ಸಾರಂಗಪಾಣಿ ರಾಮನ್ ಗೋಲು ಹೊಡೆದು ಸಮ ಮಾಡಿದರು. ಎರಡು ಪೆನಾಲ್ಟಿ ಕೈತಪ್ಪಿ, ಕೊನೆಯ ಗಳಿಗೆಯಲ್ಲಿ 2-1ರಿಂದ ಸೋತೆವು. ನಾನು ಹುಟ್ಟುವ ಮೊದಲಿನ ಆ ಸೋಲು ಈಗಲೂ ನನ್ನನ್ನು ಕಾಡುತ್ತದೆ. ಆ ಇಸವಿಗೊಂದು ಗೆಲುವು ಸಿಗಲಿ ಎನ್ನಿಸಿತು.

"ಸೋತ್ರೆ ಮಂಡಕ್ಕಿ ಬೇಡ. ಪಕ್ಕಕ್ಕೆ ಕೂತು ಲಾಳಿ ಕೊಡ್ಬೇಕು" ಅಂದ.

ನಮ್ಮೂರಿನ ಸೀರೆ ನೇಯುವುದನ್ನು ಕಂಡವರಿಗೆ ಇದು ಗೊತ್ತು. ಒಡಲಿಗೊಂದು ಬಣ್ಣ, ಅಂಚಿಗೊಂದು ಬಣ್ಣ ಬರಬೇಕಾದರೆ ಮೂರು ಲಾಳಿ ಬೇಕು. ನೇಯುವವನೊಬ್ಬನಿಂದ ಆಗದು, ಇನ್ನೊಬ್ಬರು ಪಕ್ಕಕ್ಕೆ ಕೂತು ಲಾಳಿ ದಾಟಿಸಿಕೊಡಬೇಕು. ಆ ಜಾಗ ಅತ್ತಿಗೆಯದು.

ಪಂಥವೂ ಹಾಗೇ ಅಲ್ಲವೇ ಎಂದು ಈಗೀಗ ಅನ್ನಿಸುತ್ತದೆ. ಒಬ್ಬನಿಂದ ಆಗದು, ಎದುರಿಗೊಬ್ಬ ಬೇಕು. ಅವನ ಮುಖ ಸಣ್ಣದಾಗುವುದು ಕಾಣಬೇಕು, ಸಂಜೆ ಅವನ ಜೊತೆಗೇ ತಿನ್ನಬೇಕು. ನಮ್ಮ ಬೀದಿಯ ಹುಡುಗನೊಬ್ಬ ರೇಷ್ಮೆ ನೂಲಿಗೆಂದು ಇಟ್ಟಿದ್ದ ದುಡ್ಡನ್ನೆಲ್ಲ ಮೊಬೈಲಿನಲ್ಲಿ ಕಟ್ಟಿ ಕಳೆದುಕೊಂಡ. ಗೆದ್ದವರು ಯಾರು ಎಂದು ಕೇಳಿದರೆ ಅವನಿಗೆ ಗೊತ್ತಿಲ್ಲ. ಅವನ ಅಮ್ಮನ ಅಳು ಇಡೀ ಬೀದಿಗೆ ಕೇಳಿತು. ಹಣ ಕಟ್ಟುವ ಆನ್‌ಲೈನ್ ಆಟಗಳನ್ನು 2025ರ ಆಗಸ್ಟ್‌ನಲ್ಲಿ ಸಂಸತ್ತು ನಿಷೇಧಿಸಿದಾಗ ನನಗೆ ನೆನಪಾದದ್ದು ಅವನೇ.

ಅಂದಿನ ಪಂದ್ಯ ಮುಗಿಯುವಾಗ ನಮ್ಮಲ್ಲಿ ಹತ್ತು ದಾಟಿತ್ತು. ಮೊಬೈಲನ್ನು ಮಗ್ಗದ ಕಂಬಕ್ಕೆ ಒರಗಿಸಿಟ್ಟು ಅಣ್ಣ ನೇಯುತ್ತಲೇ ಇದ್ದ. ಒಂಬತ್ತು ಸರದಿ ಮುಗಿದಾಗ 6-6. ಆಗ ಮಳೆ, ಆಟಕ್ಕೆ ಹದಿನೇಳು ನಿಮಿಷ ತಡೆ. ಹತ್ತನೆಯದರಲ್ಲಿ ಕಬ್ಸ್ 8-7. ಹುಡುಗಿ ಫೋನ್ ಮಾಡಿದಾಗ ಮಾತಿಗಿಂತ ಹಿಂದಿನ ಬೀದಿಯ ಕೂಗೇ ಕೇಳುತ್ತಿತ್ತು.

ಅತ್ತಿಗೆ ನಕ್ಕು ಎದ್ದು ಜಾಗ ಬಿಟ್ಟರು. ಚಾಪೆ ಇನ್ನೂ ಬೆಚ್ಚಗಿತ್ತು. ಅಣ್ಣ ಕುಣಿಯಲ್ಲಿ ಕಾಲಿಳಿಬಿಟ್ಟು ಬರಿಗಾಲಲ್ಲಿ ತುಳಿದ, ಎಳೆಗಳು ಬಾಯಿ ತೆರೆದವು. ಲಾಳಿ ತಳ್ಳಿದೆ. ಮೂರನೆಯ ಸಲಕ್ಕೇ ಒಂದು ಎಳೆ ಹರಿಯಿತು. ಅವನು ಏನೂ ಅನ್ನಲಿಲ್ಲ. ಬೆರಳ ತುದಿಯಲ್ಲಿ ಹೊಸೆದು ಗಂಟು ಹಾಕಿ, "ಹ್ಞೂಂ, ಕೊಡು" ಅಂತ ಕೈ ಚಾಚಿದ.