ಕ್ರೈಸ್ತಸಭೆಯ ಮುಖ್ಯ ಪ್ರಯೋಜನ

ತೋರಣಗಲ್ಲು ಬಹುಕಾಲ ಬಂಡೆಗಳ ನಡುವಣ ಒಂದು ಸಣ್ಣ ಊರಾಗಿದ್ದಿತು. ಗುಂತಕಲ್ಲಿನಿಂದ ಹೊಸಪೇಟೆಯ ಕಡೆಗೆ ಹೋಗುವ ಹೊಗೆಬಂಡಿಯು ಅಲ್ಲಿ ನಿಂತು ಹೊರಡುತ್ತಿದ್ದುದೇ ಅದರ ದೊಡ್ಡ ಸಮಾಚಾರ. 1994ರಲ್ಲಿ ಉಕ್ಕಿನ ಕಾರ್ಖಾನೆಯ ಸಂಸ್ಥೆಯು ಹುಟ್ಟಿದ ಮೇಲೆ ಆ ಸೀಮೆಯ ಸ್ಥಿತಿಯೇ ಬೇರೆಯಾಯಿತು. ಒಡಿಶಾ, ಬಿಹಾರ, ಜಾರ್ಖಂಡ, ತಮಿಳುನಾಡು, ಕೇರಳ ಮೊದಲಾದ ದೇಶಭಾಗಗಳಿಂದ ಜನರು ಉದ್ಯೋಗಾರ್ಥಿಗಳಾಗಿ ಬಂದರು. ಹೊಟ್ಟೆಪಾಡಿಗಾಗಿ ಊರು ಬಿಟ್ಟ ಮನುಷ್ಯನು ತನ್ನ ಗಂಟಿನಲ್ಲಿ ದೇವರನ್ನೂ ಕಟ್ಟಿಕೊಂಡು ಬರುತ್ತಾನೆ. ನೆಲೆ ನಿಂತ ಕೂಡಲೆ ತನ್ನ ದೇವರಿಗೊಂದು ನೆಲೆಯನ್ನು ಹುಡುಕುತ್ತಾನೆ. ಇಂತಹ ಊರಿನಲ್ಲಿ ಕ್ರೈಸ್ತರು ಒಂದು ದೇವಮಂದಿರವನ್ನು ಕಟ್ಟಿಕೊಂಡರೆ ಅದರಿಂದ ಆಗಬೇಕಾದ ಕಾರ್ಯವೇನು? ಈ ಪ್ರಶ್ನೆಯು ಕ್ರೈಸ್ತರಿಗೆ ಮಾತ್ರ ಸೇರಿದುದೆಂದು ಉಳಿದವರು ತಳ್ಳಿಬಿಡಲಾಗದು. ನೆರೆಮನೆಯವನ ದೀಪವು ಹೇಗೆ ಉರಿಯುತ್ತಿದೆಯೆಂಬುದನ್ನು ನೋಡಿದವನಿಗೆ ತನ್ನ ದೀಪದ ಬತ್ತಿಯ ನೆನಪೂ ಆಗುತ್ತದೆ.

ಮೊದಲು ಶಬ್ದವನ್ನು ವಿಚಾರಿಸೋಣ. ಈ ವಸ್ತುವಿಗೆ ಕನ್ನಡದಲ್ಲಿ ಮೂರು ಹೆಸರುಗಳು ಬಳಕೆಯಲ್ಲಿವೆ. ಚರ್ಚು ಎಂಬುದು ಇಂಗ್ಲಿಷಿನಿಂದ ಬಂದುದು. ಅದರ ಮೂಲವಾದ ಗ್ರೀಕ್ ಶಬ್ದಕ್ಕೆ ‘ಒಡೆಯನದು’ ಎಂದರ್ಥ. ಕರಾವಳಿಯವರು ಇಗರ್ಜಿಯೆನ್ನುತ್ತಾರೆ; ಅದು ಪೋರ್ಚುಗೀಸರಿಂದ ಬಂದುದು, ಅದಕ್ಕೂ ಹಿಂದೆ ‘ಎಕ್ಲೇಸಿಯ’ ಎಂಬ ಗ್ರೀಕ್ ಶಬ್ದದಿಂದ ಹುಟ್ಟಿದುದು. ಕರೆಯಲ್ಪಟ್ಟು ಒಂದೆಡೆ ಕೂಡಿದ ಜನಸಮೂಹವೆಂದು ಅದರ ಅರ್ಥ. ಮೂರನೆಯದು ಸಭೆ, ಕನ್ನಡ ಬೈಬಲನ್ನು ಸಿದ್ಧಪಡಿಸಿದವರು ಈ ಶಬ್ದವನ್ನೇ ಆರಿಸಿಕೊಂಡರು. ಹೀಗೆ ಒಂದು ಹೆಸರು ಒಡೆತನವನ್ನು ಹೇಳುತ್ತದೆ. ಎರಡು ಹೆಸರುಗಳು ಕೂಟವನ್ನು ಹೇಳುತ್ತವೆ. ಗೋಡೆಯನ್ನಾಗಲಿ ಗೋಪುರವನ್ನಾಗಲಿ ಹೇಳುವ ಹೆಸರು ಒಂದೂ ಇಲ್ಲ.

ಒಂದು ವಸ್ತುವಿನ ಮುಖ್ಯ ಪ್ರಯೋಜನವನ್ನು ನಿಶ್ಚಯಿಸುವುದಕ್ಕೆ ಶಾಸ್ತ್ರಕಾರರು ಅನ್ವಯವ್ಯತಿರೇಕವೆಂಬ ಮಾರ್ಗವನ್ನು ತೋರಿಸಿದ್ದಾರೆ. ಯಾವುದು ಇದ್ದರೆ ವಸ್ತುವು ಇರುತ್ತದೆಯೋ, ಯಾವುದು ಇಲ್ಲದೆಹೋದರೆ ವಸ್ತುವೂ ಇಲ್ಲವಾಗುತ್ತದೆಯೋ ಅದೇ ಪ್ರಧಾನ, ಉಳಿದುವು ಅಂಗಗಳು. ಈ ಒರೆಗಲ್ಲಿನ ಮೇಲೆ ಒಂದೊಂದನ್ನಾಗಿ ತಿಕ್ಕಿ ನೋಡಬಹುದು.

ಕಟ್ಟಡವು ಪ್ರಧಾನವೆ? ಕ್ರಿಸ್ತನ ಅನುಯಾಯಿಗಳು ಮೊದಲ ಎರಡು ಮೂರು ಶತಮಾನಗಳಲ್ಲಿ ಬಹುಮಟ್ಟಿಗೆ ಮನೆಗಳಲ್ಲಿಯೇ ಕೂಡುತ್ತಿದ್ದರು. ಆಗ ಗಂಟೆಯಿರಲಿಲ್ಲ, ಗೋಪುರವಿರಲಿಲ್ಲ, ಸಭೆಯಿದ್ದಿತು. ಹಾಗೆಂದು ಕಟ್ಟಡವು ವ್ಯರ್ಥವೆಂದಲ್ಲ. ಬಿದಿಗೆಯ ಚಂದ್ರನನ್ನು ತೋರಿಸುವವನು ಮೊದಲು ಮರದ ಕೊಂಬೆಯನ್ನು ತೋರಿಸುತ್ತಾನೆ. ಶಾಖಾಚಂದ್ರನ್ಯಾಯದಂತೆ ಮಂದಿರವೂ ಒಂದು ಕೊಂಬೆ. ಕೊಂಬೆಯನ್ನೇ ಚಂದ್ರನೆಂದು ತಿಳಿದವನಿಗೆ ಮಾತ್ರ ಕತ್ತಲೆ ತಪ್ಪದು.

ಸಂಖ್ಯಾವೃದ್ಧಿಯು ಪ್ರಧಾನವೆ? ಕ್ರೈಸ್ತರಲ್ಲಿ ಹೀಗೆ ಎಣಿಸುವವರು ಉಂಟು. ಕ್ರೈಸ್ತರಲ್ಲದವರಲ್ಲಿ ಹೀಗೆ ಸಂಶಯಪಡುವವರು ಅದಕ್ಕಿಂತಲೂ ಹೆಚ್ಚು. ಇಲ್ಲಿ ಒಂದು ನಿದರ್ಶನವನ್ನು ನೆನೆಯಬೇಕು. 1876ರಿಂದ 1878ರ ವರೆಗಿನ ಘೋರಕ್ಷಾಮವು ಬಳ್ಳಾರಿ ಸೀಮೆಯನ್ನು ಸುಟ್ಟುಹಾಕಿದಂತೆ ತೆಲುಗು ನಾಡನ್ನೂ ಸುಟ್ಟಿತು. ಒಂಗೋಲಿನಲ್ಲಿ ಜಾನ್ ಕ್ಲಫ್ ಎಂಬ ಅಮೆರಿಕದ ಬ್ಯಾಪ್ಟಿಸ್ಟ್ ಪಾದ್ರಿಯು ಬಕಿಂಗ್‌ಹ್ಯಾಂ ಕಾಲುವೆಯ ಒಂದು ಭಾಗವನ್ನು ಗುತ್ತಿಗೆ ಹಿಡಿದು, ಹಸಿದು ಬಂದವರಿಗೆ ಕೂಲಿಯ ಕೆಲಸವನ್ನು ಕೊಟ್ಟನು. ಅವರಲ್ಲಿ ಅನೇಕರು ದೀಕ್ಷಾಸ್ನಾನವನ್ನು ಬೇಡಿದರು. ಅವನು ಕೊಡಲಿಲ್ಲ. ಅನ್ನವನ್ನು ಹಂಚುತ್ತಿರುವ ಕೈಯಿಂದಲೇ ದೀಕ್ಷೆಯನ್ನು ಕೊಟ್ಟರೆ, ಬಂದವನು ಅನ್ನಕ್ಕೆ ಬಂದನೋ ದೇವರಿಗೆ ಬಂದನೋ ತಿಳಿಯಲಾಗದೆಂಬುದು ಅವನ ಶಂಕೆ. ಪರಿಹಾರದ ಕೆಲಸವು ನಿಂತ ಮೇಲೆಯೇ ಬಾಗಿಲು ತೆರೆಯಿತು. 1878ನೆಯ ಜುಲೈ 3ರಂದು ಒಂದೇ ದಿನ 2,222 ಮಂದಿ ದೀಕ್ಷೆ ಪಡೆದರು.

ಲೋಕವು ಈ ಸಂಖ್ಯೆಯನ್ನು ಕೊಂಡಾಡುತ್ತದೆ. ವಿಚಾರವಂತನು ಕೊಂಡಾಡಬೇಕಾದುದು ಅದಕ್ಕೆ ಹಿಂದಿನ ತಿಂಗಳುಗಳ ನಿರಾಕರಣೆಯನ್ನು. ಉಪಕಾರದ ಸ್ಮರಣೆಯು ಆ ಜನರ ಮನಸ್ಸಿನಿಂದ ಪೂರ್ತಿಯಾಗಿ ಅಳಿದಿತ್ತೆಂದು ಯಾರೂ ಹೇಳಲಾರರು. ಮನುಷ್ಯನ ಉದ್ದೇಶಗಳು ನೀರೂ ಹಾಲೂ ಬೆರೆತಂತೆ ಇರುತ್ತವೆ. ಆದರೆ ಎಣಿಕೆಯು ಕೈಗೆ ಬರುತ್ತಿರುವಾಗಲೂ ಅದನ್ನು ಬೇಡವೆಂದವನು, ಎಣಿಕೆಯು ತನ್ನ ಸಭೆಯ ಪ್ರಯೋಜನವಲ್ಲವೆಂಬುದನ್ನು ಆಚರಣೆಯಿಂದಲೇ ಸಾಧಿಸಿದನು. ಹಸಿವನ್ನು ಬಲೆಯಾಗಿ ಬೀಸುವ ಧರ್ಮವು, ಅದು ಯಾವುದೇ ಆಗಲಿ, ಹಿಡಿಯುವುದು ಹೊಟ್ಟೆಯನ್ನೇ ಹೊರತು ಹೃದಯವನ್ನಲ್ಲ.

ಲೋಕೋಪಕಾರವು ಪ್ರಧಾನವೆ? ಈ ಪಕ್ಷವು ಬಹು ಪ್ರಬಲವಾದುದು. ಬಳ್ಳಾರಿ ಸೀಮೆಯೇ ಇದಕ್ಕೆ ಸಾಕ್ಷಿ. ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು, ಕನ್ನಡವನ್ನು ಕಲಿತು, ಬೈಬಲನ್ನು ಕನ್ನಡಕ್ಕೆ ತಂದನು. 1831ರಲ್ಲಿ ಆ ಕಾರ್ಯವು ಮುಗಿಯಿತು. ಅವನ ಜತೆಗಾರನಾದ ವಿಲಿಯಂ ರೀವನ ಕನ್ನಡ–ಇಂಗ್ಲಿಷ್ ನಿಘಂಟು 1832ರಲ್ಲಿ ಹೊರಬಂದಿತು. ವಾರ್ಡ್ಲಾ ಪಾಠಶಾಲೆಯು 1846ರಲ್ಲಿ ಆರಂಭವಾಗಿ ಎಲ್ಲ ಮತದ ಬಾಲಕರಿಗೂ ವಿದ್ಯೆಯನ್ನು ಕೊಟ್ಟಿತು. ಅತ್ತ ಮಂಗಳೂರಿನಲ್ಲಿ 1834ರಲ್ಲಿ ನೆಲೆಸಿದ ಬಾಸೆಲ್ ಮಿಶನ್ನಿನವರು, ಮತಾಂತರದಿಂದ ಕುಲವೃತ್ತಿಯನ್ನೂ ಮನೆಯನ್ನೂ ಕಳೆದುಕೊಂಡವರ ಜೀವನೋಪಾಯಕ್ಕಾಗಿ ನೆಯ್ಗೆಯ ಶಾಲೆಗಳನ್ನೂ, 1865ರಲ್ಲಿ ಹಂಚಿನ ಕಾರ್ಖಾನೆಯನ್ನೂ ಕಟ್ಟಿದರು. ಕಿಟ್ಟಲ್ ಪಂಡಿತನ ಮಹಾನಿಘಂಟು 1894ರಲ್ಲಿ ಅಲ್ಲಿಯೇ ಅಚ್ಚಾಯಿತು. ಕನ್ನಡಿಗನು ಈ ಋಣವನ್ನು ಮರೆತರೆ ಕೃತಘ್ನನಾಗುವನು.

ಆದರೂ ವ್ಯತಿರೇಕದಿಂದ ಪರೀಕ್ಷಿಸಬೇಕು. 1914ರ ಮಹಾಯುದ್ಧವು ಬಂದಿತು. ಜರ್ಮನ್ ಪಾದ್ರಿಗಳು ಬಂಧನಕ್ಕೊಳಗಾಗಿ ದೇಶವನ್ನು ಬಿಟ್ಟರು. ಹಂಚಿನ ಕಾರ್ಖಾನೆಗಳು ಮಿಶನ್ನಿನ ಕೈತಪ್ಪಿ, ಯುದ್ಧಾನಂತರ ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಆಂಗ್ಲ ಸಂಸ್ಥೆಯ ಪಾಲಾದುವು. ಕಾರ್ಖಾನೆಯೇ ಸಭೆಯಾಗಿದ್ದರೆ ಅಂದಿಗೆ ಸಭೆಯು ಮುಗಿಯಬೇಕಾಗಿದ್ದಿತು, ಮುಗಿಯಲಿಲ್ಲ. ಸಂಬಳ ಕೊಡುತ್ತಿದ್ದ ದೊರೆಗಳು ಹೋದ ಮೇಲೂ ಜನರು ಭಾನುವಾರ ಕೂಡಿದರು, ಹಾಡಿದರು, ಸತ್ತವರನ್ನು ಹೊತ್ತರು, ಹುಟ್ಟಿದವರಿಗೆ ಹೆಸರಿಟ್ಟರು. ಇಂದಿನ ದಿನಗಳಲ್ಲಿಯಾದರೋ ಪಾಠಶಾಲೆ ಆಸ್ಪತ್ರೆಗಳನ್ನು ಸರಕಾರವೂ ನಡಸುತ್ತದೆ, ಮಠಗಳೂ ನಡಸುತ್ತವೆ, ಲಾಭಕ್ಕಾಗಿ ವರ್ತಕರೂ ನಡಸುತ್ತಾರೆ. ಎಲ್ಲರಿಗೂ ಸಾಧಾರಣವಾದ ಧರ್ಮವು ಒಂದರ ಲಕ್ಷಣವಾಗಲಾರದು, ಅತಿವ್ಯಾಪ್ತಿದೋಷವು ಬರುತ್ತದೆ. ಉಪಕಾರವು ಸಭೆಯ ಫಲ. ಬೇರು ಬೇರೊಂದು ಕಡೆ ಇರಬೇಕು.

ಹಾಗಾದರೆ ಪ್ರಧಾನವು ಯಾವುದು? ಕಟ್ಟಡ, ಸಂಖ್ಯೆ, ಶಾಲೆ, ಕಾರ್ಖಾನೆ ಎಲ್ಲವನ್ನೂ ತೆಗೆದುಹಾಕಿದ ಮೇಲೆ ಉಳಿಯುವುದು ಇಷ್ಟು: ದೇವರೆದುರಿಗೆ ಕೂಡಿದ ಕೆಲವು ಜನ; ಅವರ ನಡುವೆ ಒಂದು ರೊಟ್ಟಿ, ಒಂದು ಪಾತ್ರೆ; ಆ ಪಂಕ್ತಿಯಲ್ಲಿ ಕುಳಿತವರೆಲ್ಲರೂ ಒಬ್ಬ ತಂದೆಯ ಮಕ್ಕಳೆಂಬ ಮಾತು. ಇದನ್ನೂ ತೆಗೆದರೆ ಸಭೆಯೆಂಬ ವಸ್ತುವೇ ಇಲ್ಲ. ಆದುದರಿಂದ, ಹುಟ್ಟಿನಿಂದ ಪರಕೀಯರಾದವರನ್ನು ದೇವರ ಮುಂದೆ ಒಡಹುಟ್ಟಿದವರನ್ನಾಗಿ ಮಾಡುವುದೂ, ಹಾಗೆ ಮಾಡಿದವರನ್ನು ಲೋಕದ ಸೇವೆಗೆ ಕಳುಹಿಸುವುದೂ ಕ್ರೈಸ್ತಸಭೆಯ ಮುಖ್ಯ ಪ್ರಯೋಜನವೆಂದು ಸಿದ್ಧಾಂತವಾಗುತ್ತದೆ.

ಈ ಸಿದ್ಧಾಂತವು ಬಾಯಿಮಾತಿಗೆ ಸುಲಭ. ಭಾರತದಲ್ಲಿ ಇದರಷ್ಟು ಕಠಿನವಾದ ಪರೀಕ್ಷೆಯು ಮತ್ತೊಂದಿಲ್ಲ. ತಂಜಾವೂರು ಮೊದಲಾದ ಕಡೆಗಳಲ್ಲಿ ಕ್ರೈಸ್ತರಾದವರು ಜಾತಿಯನ್ನು ಬಿಡದೆ, ಮಂದಿರದೊಳಗೇ ಬೇರೆ ಬೇರೆ ಕುಳಿತು, ಬೇರೆ ಬೇರೆಯಾಗಿ ಪ್ರಸಾದವನ್ನು ಸ್ವೀಕರಿಸುತ್ತಿದ್ದರು. 1833ರಲ್ಲಿ ಕಲ್ಕತ್ತೆಯ ಬಿಷಪ್ ಡೇನಿಯಲ್ ವಿಲ್ಸನ್, ಜಾತಿಭೇದವನ್ನು ಕೂಡಲೆ ಪೂರ್ತಿಯಾಗಿ ಬಿಡಬೇಕೆಂದು ಆಜ್ಞೆ ಮಾಡಿದನು. ಬಹು ಮಂದಿ ಸಭೆಯನ್ನೇ ಬಿಟ್ಟುಹೋದರು. ಸಂಖ್ಯೆಯು ಪ್ರಧಾನವಾಗಿದ್ದರೆ ಅವನು ಮಾಡಿದುದು ತಪ್ಪು; ಸಹೋದರತ್ವವು ಪ್ರಧಾನವಾಗಿದ್ದರೆ ಅವನು ಮಾಡಿದುದು ಸರಿ. ಆ ರೋಗವು ಅಲ್ಲಿಗೇ ವಾಸಿಯಾಗಲಿಲ್ಲವೆಂಬುದನ್ನೂ ಹೇಳಬೇಕು. ಸ್ಮಶಾನದಲ್ಲಿಯೂ ವಿವಾಹದಲ್ಲಿಯೂ ಪೂರ್ವದ ಜಾತಿಯನ್ನು ವಿಚಾರಿಸುವ ಕ್ರೈಸ್ತರು ಇಂದೂ ಇದ್ದಾರೆ. 1950ರ ರಾಷ್ಟ್ರಪತಿಗಳ ಆಜ್ಞೆಯ ಪ್ರಕಾರ ಕ್ರೈಸ್ತನಾದವನು ಪರಿಶಿಷ್ಟಜಾತಿಯವನೆಂದು ಎಣಿಸಲ್ಪಡುವುದಿಲ್ಲ. ಕಾನೂನಿನ ಪುಸ್ತಕದಲ್ಲಿ ಜಾತಿಯನ್ನು ಕಳೆದುಕೊಂಡವನು ಸಭೆಯ ಹಿಂದಿನ ಬೆಂಚಿನಲ್ಲಿ ಅದನ್ನು ಮತ್ತೆ ಕಂಡುಕೊಂಡರೆ, ಅವನು ಎರಡು ಕಡೆಯೂ ಕೆಟ್ಟಂತಾಯಿತು.

ಈ ಮಾತನ್ನು ಓದಿ ಇತರ ಮತದವರು ಹಿಗ್ಗಬೇಕಾದ ಕಾರಣವಿಲ್ಲ. ಸಂಡೂರಿನ ಕುಮಾರಸ್ವಾಮಿಯ ದೇವಾಲಯದ ಬಾಗಿಲನ್ನು ಅಲ್ಲಿಯ ಅರಸರು 1932ರಲ್ಲಿ ಹರಿಜನರಿಗೆ ತೆರೆಯಿಸಿದರು. ತಿರುವಾಂಕೂರಿನ ಪ್ರಸಿದ್ಧ ಘೋಷಣೆಯು ಹೊರಟುದು ಅನಂತರ, 1936ರಲ್ಲಿ. ಸಂಡೂರು ಸೀಮೆಯ ಹೆಮ್ಮೆಯಾದ ಈ ಸಂಗತಿಯೇ, ಅಲ್ಲಿಯ ವರೆಗೆ ಬಾಗಿಲು ಮುಚ್ಚಿದ್ದಿತೆಂಬುದನ್ನೂ ಹೇಳುತ್ತದೆಯಲ್ಲವೆ? ಹನ್ನೆರಡನೆಯ ಶತಮಾನದಲ್ಲಿ ಬಸವಣ್ಣನವರು ಕಲ್ಯಾಣದಲ್ಲಿ ಕೂಡಿಸಿದ ಶರಣರ ಗೋಷ್ಠಿಯೂ ಕುಲವನ್ನು ಕೇಳದ ಕೂಟವೇ. ಆ ಕೂಟದ ಹೆಸರು ಹೇಳುವವರಲ್ಲಿ ಮತ್ತೆ ಒಳಪಂಗಡಗಳು ಹುಟ್ಟಿದುದನ್ನು ನೋಡಿದರೆ, ಬಾಗಿಲನ್ನು ಒಮ್ಮೆ ತೆರೆದರೆ ಸಾಲದು, ದಿನದಿನವೂ ತೆರೆಯುತ್ತಿರಬೇಕೆಂಬುದು ಸ್ಪಷ್ಟವಾಗುತ್ತದೆ.

ಕ್ರೈಸ್ತರಿಗೆ ಇನ್ನೊಂದು ವಿಧದ ಭೇದವೂ ಪಶ್ಚಿಮದಿಂದ ಉಡುಗೊರೆಯಾಗಿ ಬಂದಿತು. ಆಂಗ್ಲಿಕನ್, ಮೆಥಡಿಸ್ಟ್, ಪ್ರೆಸ್ಬಿಟೇರಿಯನ್ ಮೊದಲಾದ ಪಂಗಡಗಳು ಯೂರೋಪಿನ ಜಗಳಗಳ ಮಕ್ಕಳು. ತುಂಗಭದ್ರೆಯ ದಡದ ರೈತನಿಗೂ ಆ ಜಗಳಕ್ಕೂ ಏನು ಸಂಬಂಧ? ಹ್ಯಾಂಡ್ಸನನ್ನು ಕಳುಹಿಸಿದ ಲಂಡನ್ ಮಿಶನ್ನಿನವರು 1796ರಲ್ಲಿಯೇ ಇದನ್ನು ಮುಂಗಂಡು, ಯಾವ ಪಂಗಡದ ಆಡಳಿತಕ್ರಮವನ್ನೂ ಹೊರಕ್ಕೆ ಒಯ್ಯದೆ ಸುವಾರ್ತೆಯನ್ನು ಮಾತ್ರ ಒಯ್ಯಬೇಕೆಂದೂ, ಸಭೆಯ ರೂಪವನ್ನು ಅದಕ್ಕೆ ಸೇರಿದವರೇ ನಿಶ್ಚಯಿಸಿಕೊಳ್ಳಬೇಕೆಂದೂ ನಿಯಮ ಮಾಡಿಕೊಂಡಿದ್ದರು. 1919ರಲ್ಲಿ ತರಂಗಂಬಾಡಿಯಲ್ಲಿ, ಭಾರತೀಯರಲ್ಲಿ ಮೊದಲನೆಯ ಆಂಗ್ಲಿಕನ್ ಬಿಷಪ್ಪರಾದ ಅಜರಯ್ಯನವರೂ ಇತರರೂ ಕೂಡಿ, ತಮ್ಮ ಭೇದಗಳು ಹೊರಗಿನಿಂದ ಬಂದುವೆಂದು ಸಾರಿ ಐಕ್ಯಕ್ಕೆ ಕರೆಕೊಟ್ಟರು. ಇಪ್ಪತ್ತೆಂಟು ವರ್ಷಗಳ ವಾದವಿವಾದಗಳ ಮೇಲೆ, 1947ನೆಯ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ದಕ್ಷಿಣ ಇಂಡಿಯಾ ಸಭೆಯು ಹುಟ್ಟಿತು. ದೇಶವು ಸ್ವತಂತ್ರವಾಗಿ ಇಬ್ಭಾಗವಾದ ಆರೇ ವಾರಗಳಲ್ಲಿ ಈ ಕೂಡುವಿಕೆಯು ನಡೆದುದು ಗಮನಾರ್ಹ. ಅಜರಯ್ಯನವರು 1945ರಲ್ಲಿಯೇ ತೀರಿಕೊಂಡು, ತಾವು ನೆಟ್ಟ ಮರದ ಫಲವನ್ನು ಕಾಣಲಿಲ್ಲ.

ಇಲ್ಲಿ ಒಂದು ಆಕ್ಷೇಪವು ಏಳುತ್ತದೆ. ಸಹೋದರತ್ವವೇ ಗುರಿಯಾದರೆ ದೇವರೇಕೆ, ಪ್ರಾರ್ಥನೆಯೇಕೆ? ಸಜ್ಜನರ ಒಂದು ಸಂಘವೇ ಸಾಲದೆ? ಇದಕ್ಕೆ ಉತ್ತರವು ಹೊಸಪೇಟೆಯ ಬಳಿಯ ಜಲಾಶಯದಲ್ಲಿದೆ. 1953ರಲ್ಲಿ ತುಂಬತೊಡಗಿದ ತುಂಗಭದ್ರಾ ಜಲಾಶಯವು ನೀರನ್ನು ಕೂಡಿಡುವುದು ಕಾಲುವೆಗಳ ಮೂಲಕ ಬಿಡುವುದಕ್ಕಾಗಿ. ಕೂಡಿಟ್ಟು ಬಿಡದೆ ಇದ್ದರೆ ಅದು ನೋಡುವುದಕ್ಕೆ ಮಾತ್ರ ಚೆಂದ; ಕೂಡಿಡದೆ ಬಿಡುತ್ತಲೇ ಇದ್ದರೆ ಬೇಸಗೆಯಲ್ಲಿ ಕಾಲುವೆಯು ಬರಿದು. ಆರಾಧನೆಯು ಕೂಡಿಡುವುದು, ಸೇವೆಯು ಬಿಡುವುದು. ಆರಾಧನೆಯಿಲ್ಲದ ಸೇವೆಗೆ ಕಾಲಕ್ರಮದಲ್ಲಿ ಬೇಸರವೋ ಅಹಂಕಾರವೋ ಅಂಟಿಕೊಳ್ಳುತ್ತದೆ. ಸೇವೆಯಿಲ್ಲದ ಆರಾಧನೆಯು ನಿಂತ ನೀರಾಗುತ್ತದೆ. ಮತ್ತೊಂದು ವಿಷಯ: ಆ ಜಲಾಶಯವು ಮೊದಲು ಸುಮಾರು 133 ಟಿ.ಎಂ.ಸಿ. ನೀರನ್ನು ಹಿಡಿಯುತ್ತಿದ್ದಿತು, ಹೂಳು ತುಂಬಿ ಈಗ ಸುಮಾರು 105ಕ್ಕೆ ಇಳಿದಿದೆ. ಹೊರಗಿನಿಂದ ನೋಡುವವನಿಗೆ ಆಣೆಕಟ್ಟೆಯು ಅಷ್ಟೇ ಎತ್ತರ. ಸಭೆಗಳಲ್ಲಿಯೂ ಆಸ್ತಿಯ ವ್ಯಾಜ್ಯ, ಪದವಿಯ ಚುನಾವಣೆ, ಕುಲದ ಹೆಮ್ಮೆ ಇವುಗಳ ಹೂಳು ಕಣ್ಣಿಗೆ ಕಾಣದೆಯೇ ತುಂಬುತ್ತದೆ.

ಕ್ರಿಸ್ತನು ತನ್ನ ನೆರೆಯವನು ಯಾರೆಂದು ಕೇಳಿದ ಪಂಡಿತನಿಗೆ ಒಂದು ಕತೆಯನ್ನು ಹೇಳಿದನು. ಕಳ್ಳರಿಂದ ಪೆಟ್ಟು ತಿಂದು ದಾರಿಯಲ್ಲಿ ಬಿದ್ದವನನ್ನು ಪೂಜಾರಿಯೂ ದೇವಾಲಯದ ಸೇವಕನೂ ನೋಡಿ ದಾಟಿಹೋದರು. ಅವರೆಲ್ಲರೂ ಹೀನನೆಂದು ಬಗೆದ ಸಮಾರ್ಯದವನು ನಿಂತು ಎತ್ತಿದನು. ಕತೆಯ ವಕ್ತಾರನು ತನ್ನ ಜನರ ಹೆಮ್ಮೆಗೇ ಕೈಹಾಕಿದ್ದಾನೆ. ಇದನ್ನು ಪ್ರತಿ ವರ್ಷ ಓದುವ ಸಭೆಯು, ತನ್ನ ಬಾಗಿಲಿನ ಮುಂದೆ ಬಿದ್ದವನು ಬೇರೆ ಮತದವನಾದರೂ, ಪ್ರತಿಫಲವನ್ನು ಬಯಸದೆ ಎತ್ತಬೇಕು. ತನ್ನನ್ನು ಎತ್ತಲು ಬೇರೆ ಮತದವನು ಬಂದಾಗ ಅವನಲ್ಲಿಯೂ ದೇವರ ಕೈಯನ್ನು ಕಾಣಬೇಕು. ಈ ಎರಡನೆಯದೇ ಹೆಚ್ಚು ಕಷ್ಟ.

ತೋರಣಗಲ್ಲಿನಂತಹ ಊರಿನಲ್ಲಿ ಒಂದು ಭಾನುವಾರ, ಒಡಿಶಾದಿಂದ ಬಂದ ಕೂಲಿಯವನೊಬ್ಬನು ರಾತ್ರಿಯ ಪಾಳಿಯನ್ನು ಮುಗಿಸಿ, ಮಸಿ ಹಿಡಿದ ಬಟ್ಟೆಯಲ್ಲಿ, ಭಾಷೆ ತಿಳಿಯದ ಮಂದಿರದ ಬಾಗಿಲಿಗೆ ಬಂದು ನಿಂತನೆಂದು ಭಾವಿಸೋಣ. ಒಳಗೆ ಕುಳಿತ ಅಧಿಕಾರಿಯು ಜರುಗಿ ಅವನಿಗೆ ಪಕ್ಕದಲ್ಲಿ ಸ್ಥಳ ಕೊಟ್ಟರೆ ಆ ಸಭೆಯು ತನ್ನ ಪ್ರಯೋಜನವನ್ನು ಪಡೆದಂತೆ. ಕೊಡದಿದ್ದರೆ ಗಂಟೆ, ಗೋಪುರ, ಗಾಯನ ಎಲ್ಲವೂ ಇದ್ದರೂ ಅಲ್ಲಿ ಸಭೆಯಿಲ್ಲ. ಬಾಗಿಲಿಗೆ ತೋರಣವನ್ನು ಕಟ್ಟುವುದು ಬರುವವನನ್ನು ಒಳಕ್ಕೆ ಕರೆಯುವುದಕ್ಕಾಗಿ. ಒಳಗೆ ಬಂದವನಿಗೆ ಕುಳ್ಳಿರಲು ಚಾಪೆಯುಂಟೆ ಎಂಬುದನ್ನು ಪ್ರತಿಯೊಂದು ಮತದವರೂ ತಮ್ಮ ತಮ್ಮ ಮನೆಯಲ್ಲಿ ನೋಡಿಕೊಳ್ಳಬೇಕು.