ಕುಂತವರ ಕೂಲಿ

ಎಣ್ಣೆಬಣ್ಣ ಕಲಿಯುವವರು ಮೊದಲು ನಕಲು ಮಾಡಲೇಬೇಕು. ಅದರಲ್ಲಿ ನಾಚುವಂಥದ್ದೇನಿಲ್ಲ. ಆದರೆ ನಕಲು ಮಾಡುವಾಗ ಕೈ ಮಾತ್ರ ಕಲಿಯುತ್ತದೆಯೆ, ಕಣ್ಣೂ ಒತ್ತೆ ಬೀಳುತ್ತದೆಯೆ? ಇದು ನಮ್ಮ ಪ್ರಶ್ನೆ.

ಯಾದಗಿರಿ, ಶಹಾಪುರ, ಸುರಪುರದ ಕಡೆ ನಮ್ಮಂಥವರಿಗೆ ಮೊದಲು ಸಿಕ್ಕ ಗುರು ಕ್ಯಾಲೆಂಡರು. ಅದರ ಮೇಲೆ ಚೌಕ ಗೀಚಿ, ಚೌಕಕ್ಕೆ ಚೌಕ ದೊಡ್ಡದು ಮಾಡಿ ದೇವರ ಮುಖ ಇಳಿಸಿದೆವು. ಕಲಬುರಗಿಯಲ್ಲಿ 1916ರಲ್ಲಿ ಹುಟ್ಟಿದ ಎಸ್.ಎಂ. ಪಂಡಿತರ ಚಿತ್ರಗಳು ಹೀಗೆ ಕ್ಯಾಲೆಂಡರಾಗಿಯೇ ಮನೆಮನೆಯ ಗೋಡೆಗೆ ಬಂದವು. ಅದಕ್ಕೂ ಮೊದಲು ಸುರಪುರದ ನಾಯಕ ಅರಸರ ಆಶ್ರಯದಲ್ಲಿ ಚಿನ್ನದ ಹೊಳಪಿನ ಚಿತ್ರಗಳು ಬೆಳೆದವು. ಅಲ್ಲಿಯೂ ಇಲ್ಲಿಯೂ ನಡುವಿನ ಜಾಗ ದೇವರಿಗೆ, ಅರಸರಿಗೆ.

ಆಮೇಲೆ ಒಂದು ವಾಸ್ತವವಾದಿ ಚಿತ್ರದ ಮುದ್ರಣ ಮುಂದಿಟ್ಟುಕೊಂಡು ಕುಂತೆವು. ಕುರ್ಚಿಯಲ್ಲಿ ಪರದೇಶದ ಮುದುಕಿ, ಪಕ್ಕದಲ್ಲಿ ತಾಮ್ರದ ಕೊಡ, ಎರಡು ಹಣ್ಣು. ಮೊದಲು ಕಂದು ಬಣ್ಣಕ್ಕೆ ಟರ್ಪೆಂಟೈನ್ ಬೆರೆಸಿ ತೆಳ್ಳಗೆ ನೆರಳು-ಬೆಳಕು. ಅದು ಆರಿದ ಮೇಲೆ ಎಣ್ಣೆ ಹೆಚ್ಚಿರುವ ಪದರು. ಅಡಿಯಲ್ಲೇ ಎಣ್ಣೆ ಹೆಚ್ಚಾದರೆ ಮೇಲಿನದು ಬಿರಿಯುತ್ತದೆ. ಆ ಎಣ್ಣೆ ರೊಟ್ಟಿಗೆ ಹಚ್ಚಿಕೊಂಡು ತಿನ್ನುವ ನಮ್ಮ ಅಗಸಿಯದೇ! ಅದು ನೀರಿನಂತೆ ಆವಿಯಾಗುವುದಿಲ್ಲ, ಗಾಳಿ ಕುಡಿದು ನಿಧಾನಕ್ಕೆ ಗಟ್ಟಿಯಾಗುತ್ತದೆ.

ಮುದುಕಿಯ ಬೆರಳ ಗೆಣ್ಣುಗಳಿಗೇ ಮೂರು ದಿನ ಹಿಡಿಯಿತು. ನಮ್ಮ ಅವ್ವನ ಕೈಯನ್ನೂ ನಾವು ಅಷ್ಟು ಹೊತ್ತು ನೋಡಿರಲಿಲ್ಲ. ಅಸ್ಪೃಶ್ಯತೆ ಎಂದರೆ ಮುಟ್ಟದಿರುವುದಷ್ಟೇ ಅಲ್ಲ, ಕಂಡೂ ಕಾಣದಂತೆ ದಾಟಿಹೋಗುವುದೂ ಹೌದು. ಆ ಮಟ್ಟಿಗೆ ನಕಲು ನಮಗೆ ನೋಡುವುದನ್ನು ಕಲಿಸಿತು.

ವ್ಯಾನ್ ಗೋ ಕೂಡ 1889-90ರಲ್ಲಿ ಮಿಲೆಯ ರೈತರನ್ನು ಕಪ್ಪು-ಬಿಳುಪು ಮುದ್ರಣ ನೋಡಿ ನಕಲು ಮಾಡಿದ, ಬಣ್ಣ ತನ್ನದು ಹಾಕಿದ. 1886ರಲ್ಲಿ ಸವೆದ ಬೂಟುಗಳನ್ನೇ ಬರೆದಿದ್ದ. ಗೌಡರ ಓಣಿಯಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ನಡೆದವರ ಮಕ್ಕಳು ನಾವು. ಚಪ್ಪಲಿಯೂ ಚಿತ್ರದ ನಡುವೆ ಕೂಡಬಹುದು ಎಂಬುದು ನಮಗೆ ಸಣ್ಣ ಮಾತಲ್ಲ.

ಹಾಗಾಗಿ ಮುದ್ರಣ ಬದಿಗಿಟ್ಟು, ನಮ್ಮ ಕೇರಿಯ ಮುದುಕಿಯನ್ನು ಕೂಡಲು ಕೇಳಿದೆವು.

"ದಿನಾ ಹತ್ತಿ ಬಿಡಸ್ಲಾಕ ಹೋಗ್ತೀನಿ. ಇಲ್ಲಿ ಕುಂತ್ರ ನನ್ನ ಕೂಲಿ ಯಾರ ಕೊಡ್ತಾರ ಯಪ್ಪಾ?"

ನಾವು ತಲೆತಗ್ಗಿಸಿದೆವು. ಕೊಡಕ್ಕೆ ಹಸಿವಿಲ್ಲ, ಹಣ್ಣಿಗೆ ದಿನದ ದುಡಿಮೆ ತಪ್ಪುವುದಿಲ್ಲ. ಮನುಷ್ಯರಿಗೆ ತಪ್ಪುತ್ತದೆ. ಶೋಷಿತರ ಚಿತ್ರ ಬರೆಯುತ್ತೇವೆಂದು ಶೋಷಿತರನ್ನು ಬಿಟ್ಟಿ ಕೂಡಿಸಿದರೆ ಅದೂ ಬಿಟ್ಟಿಚಾಕರಿಯೇ. ಕೂಲಿ ಕೂಡಿಸಿ ಕೊಟ್ಟೆವು. ಆಕೆ ಕುಂತಳು, ಪಕ್ಕದಲ್ಲಿ ಆಕೆಯ ಚಪ್ಪಲಿ, ಮಣ್ಣಿನ ಗಡಿಗೆ.

ಸಂಜೆ ಎದ್ದುಬಂದು ನೋಡಿದಳು.

"ಕೈ ಬರೋಬ್ಬರಿ ಬಂದಾವ. ಮಾರಿ ಯಾಕ ಹಿಂಗ ಸಪ್ಪಗ ಬರದೀರಿ? ನಾ ಏನ್ ಅಳಲಾಕ ಬಂದೀನೇನು?"

ಆಗ ಗೊತ್ತಾಯಿತು. ಆ ಪರದೇಶದ ಮುದುಕಿಯ ದುಃಖವನ್ನು ನಾವು ಈಕೆಯ ಮುಖಕ್ಕೆ ಬಳಿದಿದ್ದೆವು. ಬಡವರೆಂದರೆ ಅಳುಮುಖ ಎಂಬ ನೋಟವೂ ನಕಲಿನ ಜೊತೆಗೇ ನಮ್ಮೊಳಗೆ ಬಂದು ಕುಂತಿತ್ತು.

ಚಿತ್ರ ಕಲಿಸುವ ಮೇಷ್ಟ್ರೆ, ಕಲಿಯುವ ಗೆಳೆಯರೆ, ನಕಲು ಮಾಡೋಣ, ಕೈ ಪಳಗಲಿ. ಆದರೆ ಮುಂದೆ ಕುಂತವರಿಗೆ ಎರಡು ಸಲ್ಲಬೇಕು: ಅವರ ಕೂಲಿ, ಮತ್ತು 'ಇದು ನಾನಲ್ಲ' ಎನ್ನುವ ಹಕ್ಕು.

ಅಗಸಿ ಎಣ್ಣೆ ಇನ್ನೂ ಹಸಿಯಿತ್ತು. ಚಾಕು ತಗೊಂಡು ಮುಖ ಕೆರೆದೆವು. ಮರುದಿನದ ಕೂಲಿಯನ್ನೂ ಕೊಟ್ಟು ಮತ್ತೆ ಕೂಡಲು ಕೇಳಿದೆವು.