ಸಂಬಳ ಎಷ್ಟು ಅಂತ ಬರೆದರೇನು?

ನಮ್ಮ ಟೀಮಿಗೆ ಪೈಥಾನ್ ಬಲ್ಲವರೊಬ್ಬರು ಬೇಕಾಗಿತ್ತು. ಜಾಹೀರಾತು ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಏನು ಕೆಲಸ, ಎಷ್ಟು ವರ್ಷದ ಅನುಭವ, ವಾರಕ್ಕೆ ಎಷ್ಟು ದಿನ ಆಫೀಸು, ಎಲ್ಲ ಬರೆದೆ. ಸಂಬಳದ ಜಾಗದಲ್ಲಿ ಮಾತ್ರ ಎಲ್ಲರ ಹಾಗೆ ‘ಉದ್ಯಮದಲ್ಲೇ ಉತ್ತಮ’ ಅಂತ ಹಾಕಿ ಕೈತೊಳೆದುಕೊಂಡೆ.

ಒಬ್ಬ ಹುಡುಗಿ ನಾಲ್ಕು ಸುತ್ತಿನ ಇಂಟರ್‌ವ್ಯೂ ಮುಗಿಸಿದಳು. ಎರಡು ದಿನ ರಜೆ ಹಾಕಿದ್ದಳು. ಇಡೀ ಭಾನುವಾರ ಕೂತು ನಾವು ಕೊಟ್ಟ ಅಸೈನ್‌ಮೆಂಟ್ ಮಾಡಿದ್ದಳು. ಕೊನೆಗೆ ಎಚ್‌ಆರ್ ಹೇಳಿದ ಮೊತ್ತ ಅವಳ ಈಗಿನ ಸಂಬಳಕ್ಕಿಂತ ಕಡಿಮೆ! ಅವಳು ಸಿಟ್ಟು ಮಾಡಿಕೊಳ್ಳಲಿಲ್ಲ. “ಇದನ್ನ ಮೊದಲೇ ಹೇಳಬಹುದಿತ್ತಲ್ವಾ ಸರ್?” ಅಂದಳು, ಅಷ್ಟೇ.

ನಾನೇನೂ ಸುಳ್ಳು ಹೇಳಿರಲಿಲ್ಲ, ಮುಚ್ಚಿಟ್ಟಿದ್ದೆ ಅಷ್ಟೇ ಅಂತ ಸಮಾಧಾನ ಮಾಡಿಕೊಂಡೆ. ಆದರೆ ಮೊದಲ ಫೋನಿನಲ್ಲೇ ನಾವು ಅವಳ ಸಿಟಿಸಿ ಎಷ್ಟು ಅಂತ ಕೇಳಿ ಬರೆದುಕೊಂಡಿದ್ದೆವು. ಇಸ್ಪೀಟಿನಲ್ಲಿ ಎದುರಿನವರ ಎಲೆ ತೆರೆಸಿ, ನಮ್ಮ ಎಲೆ ಮುಚ್ಚಿಕೊಂಡು ಆಡಿದ ಹಾಗಾಯಿತು.

ಇದಕ್ಕೆ ಕೆಲವು ಕಡೆ ಕಾನೂನೇ ಇದೆ. ಅಮೆರಿಕದ ಕೊಲರಾಡೊದಲ್ಲಿ 2021ರಿಂದ, ನ್ಯೂಯಾರ್ಕ್ ನಗರದಲ್ಲಿ 2022ರ ನವೆಂಬರಿನಿಂದ ಜಾಹೀರಾತಿನಲ್ಲಿ ಸಂಬಳ ಎಷ್ಟರಿಂದ ಎಷ್ಟರವರೆಗೆ ಅಂತ ಬರೆಯಲೇಬೇಕು. ಅಭ್ಯರ್ಥಿಯ ಹಳೆಯ ಸಂಬಳ ಕೇಳಬಾರದು ಅಂತಲೂ ಐರೋಪ್ಯ ಒಕ್ಕೂಟದ 2023ರ ನಿರ್ದೇಶನ ಹೇಳುತ್ತೆ. ಅಷ್ಟು ದೂರ ಯಾಕೆ, ನಮ್ಮ ಕೆಪಿಎಸ್‌ಸಿ ಅಧಿಸೂಚನೆ ನೋಡಿ, ವೇತನ ಶ್ರೇಣಿ ಅಚ್ಚಾಗಿರುತ್ತೆ. ಐಟಿಯ ನಾವು ಮಾತ್ರ, ಮೊದಲೇ ಸಂಬಳ ಕೇಳಿದವರನ್ನು ದುಡ್ಡಿನಾಸೆಯವರು ಅಂದುಕೊಳ್ಳುತ್ತೇವೆ.

ಮುಂದಿನ ಜಾಹೀರಾತಿನಲ್ಲಿ ಮೊತ್ತ ಹಾಕಿಬಿಡೋಣ ಅಂತ ಮ್ಯಾನೇಜರ್ ಹತ್ತಿರ ಹೋದೆ. ಬೇರೆ ಕಂಪನಿಯವರಿಗೆ ಗೊತ್ತಾಗುತ್ತೆ ಅಂತಾರೇನೋ ಅಂದುಕೊಂಡಿದ್ದೆ. ಅವರು ಕೇಳಿದ್ದೇ ಬೇರೆ: “ನಮ್ಮವರೇ ನೋಡಿಬಿಟ್ಟರೆ?”

ಆಗ ಅರ್ಥವಾಯಿತು. ಐದು ವರ್ಷದಿಂದ ನನ್ನ ಪಕ್ಕದ ಸೀಟಿನಲ್ಲಿ ದುಡಿಯುತ್ತಿರುವ ಗೆಳೆಯನಿಗೆ, ಹೊಸಬರಿಗೆ ಕೊಡಲು ಹೊರಟಿದ್ದಕ್ಕಿಂತ ಕಡಿಮೆ ಸಂಬಳ. ಗುಟ್ಟು ಹೊರಗಿನವರಿಂದಲ್ಲ, ಅವನಿಂದ.

ಮೊತ್ತವಿಲ್ಲದೆಯೇ ಜಾಹೀರಾತು ಮತ್ತೆ ಹೋಯಿತು. ಮೊದಲ ಫೋನಿನಲ್ಲೇ ನಾನು ಸಂಬಳ ಹೇಳಿಬಿಡುತ್ತೇನೆ ಅಂತ ಹಟ ಹಿಡಿದು ಒಪ್ಪಿಸಿದೆ. ಅಷ್ಟಾದರೂ ಆಯಿತಲ್ಲ ಅಂತ ಖುಷಿಯಲ್ಲಿದ್ದೆ.

ಸಂಜೆ ಟೀ ಕುಡಿಯುವಾಗ ಗೆಳೆಯ ಕೇಳಿದ: “ಹೊಸಬರಿಗೆ ಎಷ್ಟು ಕೊಡ್ತಾರಂತೋ?”

“ಗೊತ್ತಿಲ್ಲ ಕಣೋ” ಅಂದೆ.

ಮುಚ್ಚಿಡೋದು ಸುಳ್ಳಲ್ಲ ಅಂದುಕೊಂಡಿದ್ದೆನಲ್ಲ, ಅದು ಒಂದು ಪ್ರಶ್ನೆ ಕೇಳುವವರೆಗೆ ಮಾತ್ರ. ನಾಳೆ ಅವನನ್ನು ನಾನೇ ಟೀಗೆ ಕರೆಯಬೇಕು.